ಹದಿನೇಳನೆಯ ಸಾಲು

ನನ್ನ ಅಪ್ಪ ನನ್ನ ಅವ್ವನ ಸೋದರಮಾವ. ಇದನ್ನು ಹೀಗೆ ಒಂದೇ ಸಾಲಿನಲ್ಲಿ ಬರೆಯಲು ನನಗೆ ಎಷ್ಟೋ ವರ್ಷ ಹಿಡಿಯಿತು. ನಮ್ಮ ವಿಜಯಪುರದ ಕಡೆ ಇದು ಬರೆಯುವಂಥ ಸಂಗತಿಯೇ ಅಲ್ಲ. ಅಕ್ಕನಿಗೆ ಮಗಳು ಹುಟ್ಟಿದಳೆಂದರೆ ತಮ್ಮನಿಗೆ ಹೆಣ್ಣು ಸಿಕ್ಕಿತು ಎಂದು ತೊಟ್ಟಿಲ ಮುಂದೆಯೇ ಮಾತು ಮುಗಿದುಹೋಗುತ್ತದೆ. ಅವ್ವ ಮದುವೆಯಾದ ಮೇಲೂ ಅಪ್ಪನನ್ನು ಮಾಮಾ ಎಂದೇ ಕರೆಯುತ್ತಿದ್ದಳು. ಅವನು ಸಿಟ್ಟು ಮಾಡಿದರೆ 'ನಿಮ್ಮಕ್ಕಗ ಹೇಳತೇನಿ ನೋಡು' ಎಂದು ಹೆದರಿಸುತ್ತಿದ್ದಳು. ನಿಮ್ಮಕ್ಕ ಎಂದರೆ ಅವಳ ಸ್ವಂತ ತಾಯಿ. ಚಿಕ್ಕಂದಿನಲ್ಲಿ ನನಗೆ ಇದು ಮನೆಯೊಳಗಿನ ತಮಾಷೆಯಾಗಿತ್ತು, ನಾಚಿಕೆ ಪಡುವ ವಿಷಯವೆಂದು ಹೊಳೆದೇ ಇರಲಿಲ್ಲ.

ಅಪ್ಪ ಗಾರೆ ಕೆಲಸದ ಗೌಂಡಿ, ನಾನು ಹುಟ್ಟುವ ಮೊದಲೇ ಗೋವೆಗೆ ಬಂದವನು. ಅವ್ವ ಸಾಂಕೋಲೆಯ ಒಂದು ಕಾರ್ಖಾನೆಯಲ್ಲಿ ಡಬ್ಬಿ ತುಂಬುವ ಕೆಲಸಕ್ಕೆ ಹೋಗುತ್ತಿದ್ದಳು. ಕಾರ್ಖಾನೆಯ ಹಿಂದೆ ಸಾಲಾಗಿದ್ದ ಖೋಲಿಗಳಲ್ಲಿ ಒಂದು ನಮ್ಮದು. ಅಲ್ಲಿಂದ ಬಸ್ಸು ಹಿಡಿದು, ಜುವಾರಿ ಸೇತುವೆ ದಾಟಿ, ನಾನು ಎಂ.ಎಸ್ಸಿ. ಓದಲು ಹೋಗುತ್ತಿದ್ದೆ. ೨೦೧೦ರ ಆಸುಪಾಸು. ಓದುತ್ತಿದ್ದುದು ಜೀನೋಮ್ ವಿಜ್ಞಾನ, ಅಂದರೆ ಮನುಷ್ಯನ ರಕ್ತದೊಳಗೆ ಬರೆದಿಟ್ಟ ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಓದುವುದು. 'ಏನ ಓದಾಕತ್ತಾಳ ನಿಮ್ಮ ಹುಡುಗಿ?' ಎಂದು ಯಾರಾದರೂ ಕೇಳಿದರೆ ಅವ್ವ 'ರಕ್ತದ್ದು' ಎಂದಷ್ಟೇ ಹೇಳುತ್ತಿದ್ದಳು. ನಾನು ಎರಡು ವರ್ಷ ಕಲಿತದ್ದಕ್ಕೆ ಅದಕ್ಕಿಂತ ಚಲೋ ಹೆಸರನ್ನು ನಾನೂ ಕೊಡಲಾರೆ.

ಮೊದಲನೆಯ ವಾರದ ಪಾಠವೇ ವಂಶವೃಕ್ಷ. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ, ಮದುವೆಗೆ ನಡುವೆ ಒಂದು ಗೆರೆ. ರಕ್ತಸಂಬಂಧದಲ್ಲೇ ಮದುವೆಯಾಗಿದ್ದರೆ ಎರಡು ಗೆರೆ. ನಮ್ಮ ಸರ್ ಗೋವೆಯವರೇ, ಮೆದು ಮಾತಿನ ಮನುಷ್ಯ. ದಕ್ಷಿಣದ ಕೆಲವು ಕಡೆ ಹೆಣ್ಣುಮಕ್ಕಳನ್ನು ಸೋದರಮಾವನಿಗೇ ಕೊಡುವ ರೂಢಿಯಿದೆ ಎಂದು ಅವರು ಹೇಳಿದಾಗ ನನ್ನ ಪಕ್ಕದಲ್ಲಿದ್ದ ಹುಡುಗಿ ಮೂಗು ಮುರಿದು 'ಶೀ, ಮಾಮಾ?' ಎಂದಳು. ಅವಳು ಪಣಜಿ ಪಕ್ಕದ ಪರ್ವರಿಯವಳು. ಆ ಹೊತ್ತಿಗಾಗಲೇ ನನ್ನ ಗೆಳತಿಯಾಗಿದ್ದಳು, ದಿನಾ ತನ್ನ ಡಬ್ಬಿಯಲ್ಲಿ ನನಗೂ ಸೇರಿಸಿ ಮೀನು ತರುತ್ತಿದ್ದಳು. ಕೆಟ್ಟವಳಲ್ಲ, ಅನ್ನಿಸಿದ್ದನ್ನು ಅಂದಳು, ಅಷ್ಟೆ. ಆಮೇಲೆ ಸರ್ ಎಲ್ಲರಿಗೂ ತಮ್ಮ ತಮ್ಮ ಮನೆಯ ವೃಕ್ಷ ಬರೆಯಲು ಹೇಳಿದರು. ನಾನು ಅಪ್ಪನ ಚೌಕ, ಅವ್ವನ ವೃತ್ತ ಬರೆದು ನಡುವೆ ಒಂದೇ ಗೆರೆ ಎಳೆದೆ. ಅಪ್ಪನಿಗೆ ಬೇರೆ ಊರು, ಬೇರೆ ಮನೆತನ ಹುಟ್ಟಿಸಿದೆ. ಅಪ್ಪನ ಅಕ್ಕನನ್ನು ವೃಕ್ಷದಿಂದ ತೆಗೆದೇ ಹಾಕಿದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ, ಯಾರಿಗೂ ಕಾಣಲಿಲ್ಲ ಎಂದುಕೊಂಡೆ.

ಆದರೆ ಓದು ನನಗೆ ಹಿಡಿಸಿತು, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಕಂಪ್ಯೂಟರ್ ಕೋಣೆಗೆ ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕಿತ್ತು. ಮೊದಲ ಸಲ ಕಪ್ಪು ಪರದೆಯ ಮೇಲೆ ಮಿಣಮಿಣ ಎನ್ನುವ ಒಂದು ಗೀಟು ಬಿಟ್ಟರೆ ಏನೂ ಇಲ್ಲದ್ದನ್ನು ಕಂಡು, ನಾನೇ ಏನೋ ಕೆಡಿಸಿದೆ ಎಂದು ಕೈ ಹಿಂದೆಳೆದುಕೊಂಡಿದ್ದೆ. ಮೂರು ತಿಂಗಳಲ್ಲಿ ಅದೇ ಪರದೆಯ ಮೇಲೆ ಎರಡು ಸಾಲು ಬರೆದು ಲಕ್ಷಗಟ್ಟಲೆ ಸಾಲುಗಳ ಫೈಲನ್ನು ಜರಡಿ ಹಿಡಿಯುತ್ತಿದ್ದೆ. ನಾಲ್ಕೇ ಅಕ್ಷರ, ಅವೇ ಹಿಂದೆ ಮುಂದೆ ಆಗಿ ಇಡೀ ಮನುಷ್ಯ. ಪ್ರತಿಯೊಬ್ಬನಲ್ಲೂ ಎರಡು ಪ್ರತಿ, ತಾಯಿಯದೊಂದು, ತಂದೆಯದೊಂದು. ಲೆಕ್ಕಾಚಾರಕ್ಕಿಂತ ಮೊದಲು ಮಾಡಬೇಕಾದ ಕೆಲಸವೆಂದರೆ ಕಲ್ಲು ಆರಿಸುವುದು, ಅನುಮಾನ ಬಂದ ಮಾದರಿಗಳನ್ನು ತೆಗೆದುಹಾಕುವುದು. ಅಕ್ಕಿ ಆರಿಸಿ ಬೆಳೆದವಳು ನಾನು, ಅದರಲ್ಲಿ ತರಗತಿಯಲ್ಲೇ ನನ್ನನ್ನು ಮೀರಿಸುವವರಿರಲಿಲ್ಲ. ಸರ್ ಕೂಡ 'ಇವಳು ತೆಗೆದದ್ದನ್ನು ನಾನು ಮತ್ತೆ ನೋಡುವುದಿಲ್ಲ' ಎಂದು ಎಲ್ಲರೆದುರು ಹೇಳಿದ್ದರು. ಆ ಮಾತಿಗೆ ನಾನು ಒಂದು ವಾರ ಉಬ್ಬಿಕೊಂಡು ತಿರುಗಿದೆ.

ಎರಡನೆಯ ವರ್ಷ ಸರ್ ಒಂದು ಯೋಜನೆ ಹಿಡಿದರು. ಮಲೇರಿಯಾಕ್ಕೆ ಹದಿನಾಲ್ಕು ದಿನ ಕೊಡುವ ಒಂದು ಗುಳಿಗೆ ಕೆಲವರಿಗೆ ಆಗಿಬರುವುದಿಲ್ಲ. ಅವರ ಒಂದು ಜೀನಿನಲ್ಲಿ ದೋಷವಿರುತ್ತದೆ, ಗುಳಿಗೆ ತೆಗೆದುಕೊಂಡರೆ ರಕ್ತದ ಕಣಗಳೇ ಒಡೆಯುತ್ತವೆ. ಹೊರಗಿನಿಂದ ದುಡಿಯಲು ಬಂದವರಿಗೆ ಮಲೇರಿಯಾ ಮಳೆಗಾಲದ ನೆಂಟ ಇದ್ದ ಹಾಗೆ. ಅವರಲ್ಲಿ ಯಾರಿಗೆ ಆ ದೋಷವಿದೆ ಎಂದು ನೋಡುವುದು, ಜೊತೆಗೆ ಅವರ ಜೀನೋಮು ಒಂದರೊಡನೊಂದು ಎಷ್ಟು ಹೊಂದುತ್ತದೆ ಎಂದು ಅಳೆಯುವುದು, ಕೊನೆಗೆ ರಕ್ತ ಕೊಟ್ಟ ಪ್ರತಿಯೊಬ್ಬರಿಗೂ ಒಂದು ಚೀಟಿ ಕೊಡುವುದು. ಸರ್ ಸಹಿ, ಸಿಕ್ಕಾ ಇದ್ದ ಆ ಚೀಟಿಯನ್ನು ತೋರಿಸಿದರೆ ಆರೋಗ್ಯ ಕೇಂದ್ರದವರು ಗುಳಿಗೆ ಕೊಡಬೇಕೋ ಬೇಡವೋ ಎಂದು ತಿಳಿದುಕೊಳ್ಳುತ್ತಿದ್ದರು. ರಕ್ತ ತೆಗೆಯಲು ಸರ್ ಆರಿಸಿದ್ದು ಸಾಂಕೋಲೆಯನ್ನು. ಆರಿಸಿದ್ದಕ್ಕೆ ಕಾರಣ ನಾನೇ, ಅಲ್ಲಿಯ ಜನ ನನಗೆ ಪರಿಚಯ ಎಂದು ಹೇಳಿಬಿಟ್ಟಿದ್ದೆ. ಪರಿಚಯ ಎಂಬ ಮಾತನ್ನೇ ಬಳಸಿದ್ದೆ.

ರಕ್ತ ಕೊಡಲು ನಮ್ಮ ಮಂದಿ ಸುತಾರಾಂ ಒಪ್ಪುತ್ತಿರಲಿಲ್ಲ. ರಕ್ತ ಮಾರಿಕೊಳ್ಳುತ್ತಾರೆ ಎಂದು ಒಬ್ಬಳು, ಕೈ ಸೆಟೆದುಹೋಗುತ್ತದೆ ಎಂದು ಇನ್ನೊಬ್ಬಳು. ಅವ್ವ ಒಂದು ವಾರ ಕೆಲಸ ಬಿಟ್ಟ ಮೇಲೆ ಖೋಲಿ ಖೋಲಿಗೆ ಹೋದಳು. 'ನನ್ನ ಮಗಳ ಓದಿನ ಸಲುವಾಗಿ ಬರ್ರಿ. ಆಕಿ ಏನ ಬ್ಯಾರೇದಾಕಿ ಅಲ್ಲ, ನಿಮ್ಮ ಕೈಯಾಗ ಬೆಳದಾಕಿ' ಎಂದು ಹೇಳಿ ನಲವತ್ತಕ್ಕೂ ಹೆಚ್ಚು ಜನರನ್ನು ಒಪ್ಪಿಸಿದಳು. ಅವರೆಲ್ಲ ಬಂದದ್ದು ವಿಜ್ಞಾನಕ್ಕಲ್ಲ, ಅವ್ವನ ಮಗಳಿಗೆ.

ರವಿವಾರ ಕಾರ್ಖಾನೆ ಹಿಂದಿನ ತಗಡಿನ ಶೆಡ್ಡಿನಲ್ಲಿ ಕುರ್ಚಿ ಹಾಕಿದೆವು. ಒಂದು ಕಡೆ ರಕ್ತ ತೆಗೆಯುವ ನರ್ಸ್, ಐಸು ತುಂಬಿದ ಡಬ್ಬಿ, ನೇರಳೆ ಮುಚ್ಚಳದ ನಳಿಕೆಗಳು. ಇನ್ನೊಂದು ಕಡೆ ಫಾರ್ಮು ತುಂಬಲು ನಾನು, ನನ್ನ ಪಕ್ಕದಲ್ಲಿ ಪರ್ವರಿಯ ಗೆಳತಿ, ಹಿಂದೆ ಸರ್. ಆ ನಾಲ್ವರಲ್ಲಿ ಕನ್ನಡ ಬರುತ್ತಿದ್ದದ್ದು ನನಗೊಬ್ಬಳಿಗೇ. ಫಾರ್ಮಿನಲ್ಲಿ ಹೆಸರು, ವಯಸ್ಸು, ಊರಿನ ನಂತರ ಒಂದು ಪ್ರಶ್ನೆಯಿತ್ತು, ಗಂಡ ರಕ್ತಸಂಬಂಧಿಯೇ ಎಂದು. ಬಂದ ಹೆಂಗಸರೆಲ್ಲ ಏನೂ ಅಳುಕದೆ 'ಹೌದ್ರಿ, ಸ್ವಾದರಮಾವ', 'ಹೌದ್ರಿ, ಅತ್ತಿ ಮಗ' ಎನ್ನುತ್ತಿದ್ದರು. ನಾನು ಫಾರ್ಮಿನಲ್ಲಿ ಬರೆದ ಪ್ರತಿ ಹೌದಿಗೂ ಗೆಳತಿ ನನ್ನ ಕಡೆ ನೋಡಿ ಕಣ್ಣರಳಿಸುತ್ತಿದ್ದಳು. ನಾನೂ ಕಣ್ಣರಳಿಸುತ್ತಿದ್ದೆ. ನೆನೆದರೆ ಈಗಲೂ ಮೈ ಹಿಡಿಯಾಗುತ್ತದೆ, ನಾನೂ ಅವಳ ಹಾಗೆಯೇ ಕಣ್ಣರಳಿಸುತ್ತಿದ್ದೆ.

ಹದಿನಾರು ಜನರ ನಂತರ ಸಾಲು ನಿಂತುಹೋಯಿತು. ಯಾರೋ ಒಬ್ಬ ಹುಡುಗಿ ಸೂಜಿಗೆ ತಲೆ ತಿರುಗಿ ಕುಸಿದದ್ದನ್ನು ಕಂಡು ಉಳಿದವರು ಹಿಂದೆ ಸರಿದರು. ಆಗ ಪಕ್ಕದ ಖೋಲಿಯ ಕಾಕು ನನಗೆ ಗಟ್ಟಿಯಾಗಿ ಹೇಳಿದಳು, 'ಮೊದ್ಲ ನಿಮ್ಮವ್ವನ ರಕ್ತ ತಗಸ ತಂಗಿ, ಆಮ್ಯಾಲ ನಾವು ಕೈ ಚಾಚತೇವಿ.'

ಸರ್ ಅವಳೇನು ಹೇಳುತ್ತಿದ್ದಾಳೆ ಎಂದು ಕೇಳಿದರು. 'ಹಿರಿಯ ಹೆಂಗಸು ಯಾರಾದರೂ ಮೊದಲು ಬರಲಿ ಅನ್ನುತ್ತಿದ್ದಾಳೆ' ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಅವ್ವ ಹಿಂದಿನಿಂದ ಎದ್ದು ಬಂದಳು. ಹಬ್ಬಕ್ಕೆ ತಂದಿದ್ದ ಹಸಿರು ಸೀರೆ ಉಟ್ಟಿದ್ದಳು. ಕುರ್ಚಿಯಲ್ಲಿ ಕೂತು ನನ್ನ ಮುಖ ನೋಡಿ ನಕ್ಕಳು. ನಾನು ಫಾರ್ಮಿನಿಂದ ತಲೆ ಎತ್ತದೆ ಕೇಳಿದೆ, 'ಹೆಸರ ಹೇಳ್ರಿ.'

ಶೆಡ್ಡಿನಲ್ಲಿದ್ದ ಮಂದಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವ್ವ ಹೆಸರು ಹೇಳಿದಳು. ವಯಸ್ಸು ಹೇಳಿದಳು. 'ಗಂಡ ರಕ್ತಸಂಬಂಧ ಏನ್ರಿ?' ಎಂದೆ. 'ಹೌದ್ರಿ' ಎಂದಳು ಅವ್ವ, 'ಸ್ವಾದರಮಾವ.' ಅದೊಂದನ್ನು ಮಾತ್ರ ಇದ್ದದ್ದು ಇದ್ದಂತೆ ಬರೆದುಕೊಂಡೆ. ಅಷ್ಟರಲ್ಲಿ ಗೆಳತಿ ಅವ್ವನನ್ನೂ ನನ್ನನ್ನೂ ತಿರುಗಿ ತಿರುಗಿ ನೋಡಿ, ಹಿಂದಿಯಲ್ಲಿ ಅವ್ವನನ್ನೇ ನೇರವಾಗಿ ಕೇಳಿದಳು, ನೀವು ಇವಳ ತಾಯಿಯೇನು, ಮುಖ ಒಂದೇ ಇದೆಯಲ್ಲ ಎಂದು. ಅವ್ವ ನನ್ನನ್ನು ನೋಡಿದಳು. ನಾನು ಬರೆಯುತ್ತಲೇ ಇದ್ದೆ, ಬರೆಯಲು ಏನೂ ಉಳಿದಿರಲಿಲ್ಲ. ಅವ್ವ, 'ನಹೀ ಬಾಯಿ. ಹಮಾರೆ ಗಾಂವ್ ಕೀ ಹೈ' ಎಂದಳು, ಅಲ್ಲ, ನಮ್ಮೂರಿನವಳು ಅಷ್ಟೇ ಎಂದು. ಆಮೇಲೆ ನರ್ಸಿನ ಮುಂದೆ ಹೋಗಿ ತೋಳು ಚಾಚಿದಳು. ಕಾಕು, ಮತ್ತೆ ಉಳಿದವರು, ಒಬ್ಬರಾದ ಮೇಲೊಬ್ಬರು ಬಂದು ಕೈ ಕೊಟ್ಟರು. ಯಾರೂ ನನ್ನನ್ನು ತಂಗಿ ಎಂದು ಕರೆಯಲಿಲ್ಲ. ಎಲ್ಲರೂ ಮೇಡಂ ಎಂದರು.

ಸಂಜೆ ಅವ್ವ ರೊಟ್ಟಿ ಬಡಿಯುತ್ತಿದ್ದಳು. ನಾನೇನಾದರೂ ಹೇಳುತ್ತೇನೆಂದು ಕಾದಳೋ ಏನೋ. ಕೊನೆಗೆ ಹೆಂಚಿನ ಮೇಲಿನ ಕಣ್ಣು ತೆಗೆಯದೆ ಕೇಳಿದಳು, 'ಸೀರಿ ಹೊಲಸ ಆಗಿತ್ತೇನು?'

'ಇಲ್ಲಬೇ' ಎಂದೆ. ಅಷ್ಟೇ ಎಂದೆ. ಅವ್ವ ತನ್ನ ಬಡತನಕ್ಕೆ ನಾನು ನಾಚಿದೆ ಎಂದು ತಿಳಿದಿದ್ದಳು. ಖರೇ ಅಂದರೆ ನಾನು ನಾಚಿದ್ದು ಅವಳ ಮದುವೆಗೆ, ಅಂದರೆ ನನ್ನ ಹುಟ್ಟಿಗೆ. ಅದನ್ನು ಹೇಳುವುದಕ್ಕಿಂತ ಸೀರೆಯ ಮೇಲೇ ಅನುಮಾನ ಉಳಿಯಲಿ ಎಂದು ಬಿಟ್ಟೆ.

ಮಾದರಿಗಳನ್ನು ಹೊರಗಿನ ದೊಡ್ಡ ಪ್ರಯೋಗಾಲಯಕ್ಕೆ ಕಳಿಸಿ ಓದಿಸಿ ತರಿಸಿದರು. ಹೋಲಿಸಿ ನೋಡಲು ನಮ್ಮ ತರಗತಿಯವರ ರಕ್ತವನ್ನೂ ಸೇರಿಸಿದ್ದರು. ಹೆಸರಿರಲಿಲ್ಲ, ಸಂಖ್ಯೆಗಳಷ್ಟೇ. ಅವ್ವ ಹದಿನೇಳನೆಯ ಸಾಲು. ತರಗತಿಯವರ ಪಟ್ಟಿಯಲ್ಲಿ ನಾನು ನಾಲ್ಕು. ಕಲ್ಲು ಆರಿಸುವ ಕೆಲಸ ನನ್ನದೇ. ಪ್ರತಿ ಮಾದರಿಯನ್ನು ಉಳಿದ ಎಲ್ಲ ಮಾದರಿಗಳೊಂದಿಗೆ ಹೋಲಿಸುವ ಪ್ರೋಗ್ರಾಮು ಓಡಿಸಿ, ಚಹಾ ಕುಡಿದು ಬಂದು ನೋಡಿದೆ. ಪರದೆಯ ಮೇಲೆ, ತೀರಾ ಹೊಂದುವ ಜೋಡಿಗಳ ಪಟ್ಟಿಯಲ್ಲಿ, ನಾಲ್ಕು ಮತ್ತು ಹದಿನೇಳು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡನಂತೆ, ನಾನು ಮೊದಲು ಮಾಡಿದ್ದು ಪಕ್ಕದಲ್ಲಿದ್ದ ಗೆಳತಿಗೆ ಕಾಣದ ಹಾಗೆ ಪರದೆಯನ್ನು ತಿರುಗಿಸಿದ್ದು. ಆಮೇಲೆ ಸಂಖ್ಯೆ ನೋಡಿದೆ. ತಾಯಿಗೂ ಮಗುವಿಗೂ ಅರ್ಧ ಹೊಂದಬೇಕು, ಅದು ಪಾಠ. ನಮ್ಮದು ಅರ್ಧಕ್ಕಿಂತ ಹೆಚ್ಚಿತ್ತು. ಯಾಕೆಂದು ನನಗೆ ಗೊತ್ತಿತ್ತು. ಅಪ್ಪನ ಕಡೆಯಿಂದ ಬಂದ ಅಕ್ಷರಗಳಲ್ಲೂ ಅವ್ವನವು ಇದ್ದವು, ಅವರಿಬ್ಬರದೂ ಒಂದೇ ಮನೆಯ ರಕ್ತ. ಬೇರೆಯವರು ತಮ್ಮ ತಾಯಂದಿರಿಗೆ ಸೇರಿದ್ದಕ್ಕಿಂತ ಒಂದು ಪಾಲು ಹೆಚ್ಚಾಗಿಯೇ ನಾನು ಅವ್ವನಿಗೆ ಸೇರಿದವಳು. ಕಂಪ್ಯೂಟರ್ ಅದನ್ನು ದಶಾಂಶ ಹಾಕಿ ಹೇಳುತ್ತಿತ್ತು.

ಅದೇ ಹೆಚ್ಚಿನ ಪಾಲು ನನಗೆ ನೆಪವಾಯಿತು. ಅರ್ಧವೂ ಅಲ್ಲ, ಪೂರ್ತಿಯೂ ಅಲ್ಲ ಎಂದರೆ ಎರಡು ನಳಿಕೆಯ ರಕ್ತ ಬೆರೆತಿರಬೇಕು ಎಂದು ಯಾರಾದರೂ ನಂಬುತ್ತಾರೆ. ಹದಿನೇಳನೆಯ ಸಾಲು ಅಳಿಸಿ, ಕಾರಣದ ಜಾಗದಲ್ಲಿ ಮಾದರಿ ಬೆರಕೆಯಾದ ಅನುಮಾನ ಎಂದು ಬರೆದೆ. ಸರ್ ನಾನು ಬರೆದಿದ್ದನ್ನು ಓದಿ ಸಹಿ ಹಾಕಿದರು. ಹೇಳಿದ್ದರಲ್ಲ, ಇವಳು ತೆಗೆದದ್ದನ್ನು ಮತ್ತೆ ನೋಡುವುದಿಲ್ಲವೆಂದು. ಅಳಿಸುವ ಮೊದಲು ಒಂದು ಕೆಲಸ ಮಾಡಿದ್ದೆ, ಅವ್ವನ ಆ ಜೀನು ಹೇಗಿದೆ ಎಂದು ನೋಡಿದ್ದೆ. ಒಂದು ಪ್ರತಿ ಚೆನ್ನಾಗಿತ್ತು, ಇನ್ನೊಂದು ಕೆಟ್ಟಿತ್ತು. ಅಂಥವರಿಗೆ ವೈದ್ಯರನ್ನು ಕೇಳದೆ ಆ ಗುಳಿಗೆ ಕೊಡಬಾರದು ಎಂದು ಚೀಟಿಯಲ್ಲಿ ಬರೆಯಬೇಕಿತ್ತು. ಆದರೆ ಅಳಿಸಿದ ಸಾಲಿಗೆ ಚೀಟಿ ಬರುವುದಿಲ್ಲ.

ಮಳೆ ಹಿಡಿಯುವ ಹೊತ್ತಿಗೆ ಎಲ್ಲರ ಚೀಟಿ ಬಂದವು. ನಾನೇ ಹಂಚಿದೆ. 'ನಂದು?' ಎಂದಳು ಅವ್ವ. 'ಬರತೇತಿ' ಎಂದೆ. ಮುಂದಿನ ವಾರವೂ ಕೇಳಿದಳು, ಆಮೇಲಿನ ವಾರವೂ. ಪ್ರತಿ ಸಲ ಬರತೇತಿ ಎಂದೆ. ಆ ಗುಳಿಗೆ ನಿನಗೆ ಆಗುವುದಿಲ್ಲ ಎಂದು ಬಾಯಿಮಾತಿನಲ್ಲಾದರೂ ಹೇಳಬಹುದಿತ್ತು. ಹೇಳಿದರೆ ಹಾಗಾದರೆ ಚೀಟಿ ಯಾಕಿಲ್ಲ ಎಂದು ಕೇಳುತ್ತಾಳೆ ಎಂದು ದಿನ ದೂಡಿದೆ. ಸೊಳ್ಳೆ ನನ್ನ ಹಾಗೆ ದಿನ ದೂಡುವುದಿಲ್ಲ.

ಒಂದು ದಿನ ಕಾಲೇಜಿನಿಂದ ಬಂದಾಗ ಅವ್ವ ಎರಡು ಚಾದರ ಹೊದ್ದು ನಡುಗುತ್ತಿದ್ದಳು. ಮೂರು ದಿನದ ಜ್ವರ, ನನ್ನ ಮುಂದೆ ಮಾತ್ರ ಬರೀ ಮೈಕೈ ನೋವು ಎಂದಿದ್ದಳು. ಅಪ್ಪ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ ರಕ್ತ ತೋರಿಸಿ ಬಂದಿದ್ದ. ತಲೆದಿಂಬಿನ ಹತ್ತಿರ ಗುಳಿಗೆಯ ಪಟ್ಟಿ ಇತ್ತು, ಅದರಲ್ಲಿ ಎರಡು ಖಾಲಿ.

'ಚೀಟಿ ಐತೇನ ಅಂತ ಕೇಳಿದ್ರು' ಎಂದಳು ಅವ್ವ. 'ನನ್ನ ರಕ್ತ ನಮ್ಮ ಮಗಳ ತಗೊಂಡಾಳ್ರಿ, ಚೀಟಿ ಏನ ಬಂದಿಲ್ಲ ಅಂದೆ. ಏನರ ತ್ರಾಸ ಇದ್ದಿದ್ರ ಮಗಳ ಹೇಳತಿದ್ಲಲ್ಲಾ, ತಗೋ ಅಂದ್ರು.'

ಪಟ್ಟಿಯನ್ನು ಕಿತ್ತುಕೊಂಡು ಕಿಸೆಗೆ ಹಾಕಿಕೊಂಡೆ. ಇನ್ನು ಇದನ್ನು ಮುಟ್ಟಬೇಡ ಎಂದೆ. ಬೆಳಗಾಗುತ್ತಲೇ ಮೊದಲ ಬಸ್ಸಿಗೆ ಹೋಗಿ ಸರ್ ಬರುವ ತನಕ ಅವರ ಬಾಗಿಲಲ್ಲಿ ನಿಂತೆ. ಹದಿನೇಳಕ್ಕೆ ಚೀಟಿ ಬೇಕು ಎಂದೆ. ಅದು ಬೆರಕೆಯಾದ ಮಾದರಿ, ಹೇಗೆ ಸಹಿ ಹಾಕಲಿ ಎಂದರು. ಬೆರಕೆಯಾಗಿಲ್ಲ, ಅದು ನನ್ನ ತಾಯಿ, ನಾಲ್ಕು ನಾನು ಎಂದೆ. ಅರ್ಧಕ್ಕಿಂತ ಹೆಚ್ಚು ಯಾಕೆ ಎಂಬುದನ್ನೂ ಹೇಳಿದೆ. ಬಿಕ್ಕಿ ಬಿಕ್ಕಿ ಅತ್ತೆ, ಮರುಕ ಹುಟ್ಟಲಿ ಎಂಬ ಆಸೆಯೂ ಆ ಅಳುವಿನಲ್ಲಿ ಸ್ವಲ್ಪ ಇತ್ತು.

ಸರ್ ಮೊದಲು ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿದರು. ಆಮೇಲೆ ಚೀಟಿ ಬರೆದು ಸಹಿ ಹಾಕಿದರು. ಬೈಯುತ್ತಾರೆ ಎಂದು ಕಾಯುತ್ತಿದ್ದೆ, ಬೈಯಲಿಲ್ಲ. ಇಡೀ ಫೈಲಿನಲ್ಲಿ ತಾವು ಮಕ್ಕಳಿಗೆ ಪಾಠ ಮಾಡಲು ಹುಡುಕುತ್ತಿದ್ದ ಉದಾಹರಣೆ ಇದೇ, ಅದನ್ನೇ ನೀನು ಎಸೆದಿದ್ದೀಯ ಎಂದರು. ಸಾಲನ್ನು ಮರಳಿ ಸೇರಿಸಿ, ಕೊನೆಯ ಸೆಮಿನಾರಿನಲ್ಲಿ ನೀನೇ ವಿವರಿಸು, ಯಾರದು ಎಂದು ಹೇಳುವುದು ಬಿಡುವುದು ನಿನಗೆ ಸೇರಿದ್ದು ಎಂದರು.

ಅವ್ವನ ಕಣ್ಣು ಒಂದು ವಾರ ಹಳದಿಯಾಗಿತ್ತು. ಆಮೇಲೆ ಸುಧಾರಿಸಿದಳು, ಎರಡೇ ಗುಳಿಗೆಗೆ ನಿಂತದ್ದು ಪುಣ್ಯ ಎಂದರು ವೈದ್ಯರು. ಮೈಯಲ್ಲಿ ಶಕ್ತಿ ಬಂದು ಕೂತ ದಿನ ನಾನು ಅವಳಿಗೆ ಎಲ್ಲಾ ಹೇಳಿದೆ. ಒಂದೇ ಗೆರೆ ಎಳೆದದ್ದು, ಸಾಲು ಅಳಿಸಿದ್ದು, ಸೀರೆ ಕಾರಣವಲ್ಲ ಎಂಬುದು, ಎಲ್ಲಾ.

'ನಾ ಬ್ಯಾರೇದವ್ರನ್ನ ಮಾಡ್ಕೊಂಡಿದ್ರ ನೀ ಹುಟ್ಟತಿದ್ದೇನು?' ಎಂದಳು. 'ಸರ್‌ಗ ಒಬ್ಬರಿಗೆ ಹೇಳಿದ್ರ ಏನ ಬಂತು? ಅವತ್ತ ಅಷ್ಟು ಮಂದಿ ಮುಂದ ನಾ ನಿನ್ನ ತಾಯಿ ಅಲ್ಲ ಅಂತ ನನ್ನ ಬಾಯಿಲೆ ಅನಿಸಿದಿ. ನೀನೂ ಮಂದಿ ಮುಂದ ಹೇಳು. ಹೇಳತೀಯಲ್ಲ?'

'ಹೇಳತೇನಿ' ಎಂದೆ. ಅವ್ವ ನನ್ನನ್ನು ಜೀವಮಾನದಲ್ಲಿ ಬೇಡಿದ್ದು ಅದೊಂದೇ.

ಸೆಮಿನಾರಿನ ದಿನ ಹದಿನೇಳನೆಯ ಸಾಲು ಗೋಡೆಯಷ್ಟು ದೊಡ್ಡದಾಗಿ ಪರದೆಯ ಮೇಲೆ ಬಂತು. ಪರ್ವರಿಯ ಗೆಳತಿ ಕೈ ಎತ್ತಿ, ನಮ್ಮ ನಾಲ್ಕಕ್ಕೂ ಆ ಹೆಂಗಸಿಗೂ ಇಷ್ಟೊಂದು ಹೊಂದಿಕೆ ಯಾಕೆ ಎಂದು ಕೇಳಿದಳು. ಉತ್ತರ ನನ್ನ ನಾಲಿಗೆಯ ಮೇಲಿತ್ತು. ಬಾಯಿ ತೆರೆದರೆ ಬಂದದ್ದು ಇಂಗ್ಲಿಷ್. ಒಳವಿವಾಹದ ಪದ್ಧತಿಯಿರುವ ಸಮುದಾಯಗಳಲ್ಲಿ ಹೊಂದಿಕೆಯ ಪ್ರಮಾಣ ನಿರೀಕ್ಷೆಗಿಂತ ಹೆಚ್ಚಿರುತ್ತದೆ, ನಾಲ್ಕನೆಯ ಮಾದರಿಯೂ ಅಂಥದೇ ಸಮುದಾಯದ್ದು ಎಂದೆ. ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಎಲ್ಲರೂ ತಲೆಯಾಡಿಸಿ ಬರೆದುಕೊಂಡರು. ತರಗತಿಯಲ್ಲಿ ಕನ್ನಡದವರು ನಾವು ಮೂವರಿದ್ದೆವು, ನನ್ನ ವೃಕ್ಷದಲ್ಲಿ ಒಂದೇ ಗೆರೆ ಇದ್ದದ್ದನ್ನು ಎಲ್ಲರೂ ಕಂಡಿದ್ದರು. ಗೆಳತಿ ತಿರುಗಿ ಮೂವರಲ್ಲೊಬ್ಬನಾದ ಬೆಳಗಾವಿಯ ಹುಡುಗನ ಕಡೆ ನೋಡಿದಳು, ಇನ್ನೂ ಇಬ್ಬರು ನೋಡಿದರು. ಅವನಿಗೆ ಕಿವಿ ಕೆಂಪಾಯಿತು. ನಾನೂ ಅವನ ಕಡೆಗೇ ನೋಡಿದೆ. ಸರ್ ತಮ್ಮ ಮುಂದಿನ ಕಾಗದದಿಂದ ಕಣ್ಣೆತ್ತಲಿಲ್ಲ, ಮುಂದಿನ ಪ್ರಶ್ನೆ ಎಂದರು.

ಸಂಜೆ ಅವ್ವ ಬಾಗಿಲಲ್ಲೇ ನಿಂತಿದ್ದಳು. 'ಹೇಳಿದೇನು?'

'ಹೇಳಿದೆ.'

'ಎಲ್ಲಾರ ಮುಂದ?'

'ಎಲ್ಲಾರ ಮುಂದ.'

ಅವ್ವ ತುಂಬಿದ ಕೊಡದ ನೀರನ್ನು ಬಕೆಟ್ಟಿಗೆ ಸುರಿದು, ಖಾಲಿ ಕೊಡ ಹಿಡಿದು ನಳದ ಕಡೆ ಹೋದಳು. ಅಲ್ಲಿ ಕಾಕು ಮತ್ತು ಉಳಿದ ಹೆಂಗಸರು ನೀರಿಗೆ ನಿಂತಿದ್ದರು. 'ನಮ್ಮ ಹುಡುಗಿ ಇವತ್ತ ಕಾಲೇಜಿನಾಗ ಅಷ್ಟೂ ಮಂದಿ ಮುಂದ ನಿಂತು, ಇಕಿ ನಮ್ಮವ್ವ, ಸ್ವಾದರಮಾವನ್ನ ಮಾಡ್ಕೊಂಡಾಳ, ನಾ ಇವರ ಮಗಳು ಅಂತ ಹೇಳಿ ಬಂದಾಳ' ಎನ್ನುವುದು ಒಳಗಿದ್ದ ನನಗೆ ಕೇಳಿಸಿತು. ಕಾಕು ಏನೋ ಅನುಮಾನದಿಂದ ಕೇಳಿದಳು. 'ಖರೇನ' ಎಂದಳು ಅವ್ವ, 'ಆಕೀನ ಕೇಳ ಬೇಕಾದ್ರ.'

ಯಾರೂ ಬಂದು ಕೇಳಲಿಲ್ಲ. ಮರುದಿನದಿಂದ ಕಾಕು ಮತ್ತೆ ನನ್ನನ್ನು ತಂಗಿ ಎನ್ನತೊಡಗಿದಳು. ಮನೆಗೆ ಯಾರೇ ಬಂದರೂ ಅವ್ವ ಆ ಸುದ್ದಿಯನ್ನು ಇವತ್ತಿಗೂ ಹೇಳುತ್ತಾಳೆ, ನಾನು ಚಹಾ ಮಾಡುವ ನೆಪದಲ್ಲಿ ಎದ್ದು ಒಳಗೆ ಹೋಗುತ್ತೇನೆ. ಇಷ್ಟು ವರ್ಷದ ಮೇಲೆ ಇದನ್ನೆಲ್ಲ ಬರೆಯುವಷ್ಟು ಧೈರ್ಯ ಬಂತಲ್ಲ ಎಂದು ಯಾರೂ ನನ್ನನ್ನು ಹೊಗಳಬೇಕಾಗಿಲ್ಲ. ಅವ್ವನಿಗೆ ಓದಲು ಬರುವುದಿಲ್ಲ.